ಕಾವೇರಿಯ ಕಿತ್ತಳೆ ಬಾಲದ ಮಹಶೀರ್: ಗುರುತು ಮತ್ತು ಹೆಸರಿನ ಸಮಸ್ಯೆ

ಹುಣಸೂರನ್ನು ಹಾದು ಹರಿಯುವ ಲಕ್ಷ್ಮಣತೀರ್ಥ, ಹೆಗ್ಗಡದೇವನಕೋಟೆ ಸೀಮೆಯ ಕಬಿನಿ, ಪಿರಿಯಾಪಟ್ಟಣ ಮತ್ತು ಕೃಷ್ಣರಾಜನಗರಗಳ ಕಡೆಯ ಕಾವೇರಿ, ಇವೆಲ್ಲವೂ ಒಂದೇ ಜಲಾನಯನಕ್ಕೆ ಸೇರಿದವು. ಈ ಜಲಾನಯನದ ಅತಿ ದೊಡ್ಡ ಮೀನುಗಳಲ್ಲಿ ಒಂದು ಮಹಶೀರ್. ಕಾವೇರಿ ತೀರದಲ್ಲಿ ಇದನ್ನು ಬಿಳಿಮೀನು ಎಂದು ಕರೆಯುವುದು ರೂಢಿ. ವನ್ಯಪ್ರಾಣಿಗಳ ಚರ್ಮವನ್ನು ಹದಮಾಡಿ ಜೀವಂತ ರೂಪದಲ್ಲಿ ನಿಲ್ಲಿಸುವ ಕಲೆಗೆ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ಅವರು 1946ರಲ್ಲಿ ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋಗ್ರಾಂ ತೂಗಿತ್ತು. ಇಷ್ಟು ಪ್ರಸಿದ್ಧವಾದ ಮೀನಿನ ಸರಿಯಾದ ಶಾಸ್ತ್ರೀಯ ಹೆಸರು 2018ರವರೆಗೂ ಇತ್ಯರ್ಥವಾಗಿರಲಿಲ್ಲ ಎಂಬುದು ಆಶ್ಚರ್ಯದ ಸಂಗತಿ.

ಗಾಳಗಾರರಿಗೆ ಮೀನಿನ ಗುರುತು ತಿಳಿಯದೆ ಇರಲಿಲ್ಲ. ತಲೆಯ ಹಿಂದೆ ಬೆನ್ನು ಗೂನಿನಂತೆ ಎದ್ದಿರುವುದು, ಬಾಲದ ಈಜುರೆಕ್ಕೆ ಕಿತ್ತಳೆ ಬಣ್ಣದ್ದಾಗಿರುವುದು ಇದರ ಲಕ್ಷಣ. ಅದೇ ನೀರಿನಲ್ಲಿ ನೀಲಿ ಛಾಯೆಯ ಈಜುರೆಕ್ಕೆಗಳ ಇನ್ನೊಂದು ಮಹಶೀರ್ ಕೂಡ ಸಿಗತೊಡಗಿದ ಮೇಲೆ ಇವೆರಡನ್ನೂ ಬಣ್ಣದಿಂದಲೇ ಬೇರ್ಪಡಿಸಿ ಹೇಳುವುದು ವಾಡಿಕೆಯಾಯಿತು. ಆದರೆ ವರ್ಗೀಕರಣಕಾರನಿಗೆ ಬಣ್ಣವೊಂದೇ ಸಾಲದು. ನೀರು, ಆಹಾರ ಮತ್ತು ವಯಸ್ಸಿಗನುಗುಣವಾಗಿ ಅದು ವ್ಯತ್ಯಾಸಗೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಂಗ್ರಹಾಲಯದ ಸೀಸೆಯೊಳಗೆ ಕಿತ್ತಳೆ ಮತ್ತು ಹಳದಿ ವರ್ಣಗಳು ಬೇಗನೆ ಮಾಸಿಹೋಗಿ ಕಪ್ಪು ವರ್ಣದ್ರವ್ಯ ಮಾತ್ರ ಉಳಿಯುತ್ತದೆ. ನದಿಯ ದಡದಲ್ಲಿ ಎದ್ದು ಕಾಣುವ ಲಕ್ಷಣವೇ ಅಧ್ಯಯನದ ಮೇಜಿಗೆ ಬರುವ ಹೊತ್ತಿಗೆ ಇಲ್ಲವಾಗಿರುತ್ತದೆ! ಪೂರ್ಣ ಬೆಳೆದ ಮಹಶೀರನ್ನು ಸೀಸೆಯಲ್ಲಿಡುವುದೂ ಸುಲಭದ ಮಾತಲ್ಲ.

ಈ ಕೊರತೆಯಿಂದಾಗಿ ಗೂನುಬೆನ್ನಿನ ಮೀನಿಗೆ ಬಹುಕಾಲ ಮುಸುಲ್ಲಾ ಎಂಬ ಹೆಸರು ಅಂಟಿಕೊಂಡಿತ್ತು. ಇದು 1839ರಲ್ಲಿ ಕರ್ನಲ್ ಸೈಕ್ಸ್ ದಖ್ಖನಿನ ಮೀನೊಂದಕ್ಕೆ ಇಟ್ಟ ಹೆಸರು. ಮುಂದಿನ ಪರಿಶೀಲನೆಯಿಂದ ಆ ಮೀನು ಮಹಶೀರ್ ಕುಲಕ್ಕೇ ಸೇರಿದ್ದಲ್ಲವೆಂದು ಸ್ಪಷ್ಟವಾಯಿತು. ಹೀಗೆ ಕಾವೇರಿಯ ಮೀನು ಹೆಸರಿಲ್ಲದ್ದಾಯಿತು.

ಉತ್ತರ ದೊರೆತದ್ದು ಕಾವೇರಿಯ ಉಪನದಿಗಳಲ್ಲಿ. ಕೇರಳದ ಪಾಂಬಾರ್ ನದಿಯ ಎಳೆಯ ಮೀನುಗಳನ್ನು ಆಧರಿಸಿ ಕುರುಪ್ ಮತ್ತು ರಾಧಾಕೃಷ್ಣನ್ ಅವರು, ಮತ್ಸ್ಯವಿಜ್ಞಾನಿ ಕೆ. ರೇಮಾದೇವಿಯವರ ಗೌರವಾರ್ಥ, ಟಾರ್ ರೇಮಾದೇವಿ ಎಂಬ ಪ್ರಭೇದವನ್ನು ಈ ಮೊದಲೇ ವರ್ಣಿಸಿದ್ದರು. ಎಳೆಯ ಮೀನುಗಳಾದ್ದರಿಂದ ಅವಕ್ಕೂ ಕಾವೇರಿಯ ದೈತ್ಯನಿಗೂ ಇರುವ ಸಂಬಂಧ ಯಾರಿಗೂ ಹೊಳೆದಿರಲಿಲ್ಲ. ಏಡ್ರಿಯನ್ ಪಿಂಡರ್ ಮತ್ತು ಸಂಗಡಿಗರು ಮೊಯಾರ್ ನದಿಯಲ್ಲಿ ದೊರೆತ ಗೂನುಬೆನ್ನಿನ ಮೀನುಗಳ ದೇಹರಚನೆಯನ್ನೂ ವಂಶವಾಹಿಯನ್ನೂ ಹೋಲಿಸಿ ನೋಡಿ, ಇವೆರಡೂ ಒಂದೇ ಪ್ರಭೇದವೆಂದು 2018ರಲ್ಲಿ ಪ್ರಕಟಿಸಿದರು. ಕಿತ್ತಳೆ ಬಾಲವೂ ಅವರು ನೀಡಿದ ಲಕ್ಷಣಗಳ ಪಟ್ಟಿಯಲ್ಲಿ ಸೇರಿದೆ. ಅದೇ ವರ್ಷ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಈ ಮೀನನ್ನು ಅತ್ಯಂತ ಅಪಾಯಕ್ಕೊಳಗಾದ ವರ್ಗಕ್ಕೆ ಸೇರಿಸಿತು.

ಹೆಸರಿನ ಗೊಂದಲ ಕೇವಲ ಪಂಡಿತರ ಚರ್ಚೆಯಾಗಿ ಉಳಿಯಲಿಲ್ಲ. ಮಹಾರಾಷ್ಟ್ರದ ಲೋಣಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಟಾರ್ ಖುದ್ರಿಯ ಮರಿಗಳನ್ನು, ಮಹಶೀರ್ ಸಂವರ್ಧನೆ ಎಂಬ ಸದುದ್ದೇಶದಿಂದಲೇ, ಕಾವೇರಿಗೂ ಬಿಡಲಾಯಿತು. 1998ರಿಂದ 2012ರವರೆಗೆ ಕಾವೇರಿಯ ಗಾಳಗಾರರು 23,620 ಗಂಟೆಗಳ ಶ್ರಮದಲ್ಲಿ ಹಿಡಿದು ಮರಳಿ ಬಿಟ್ಟ 6,161 ಮಹಶೀರ್‌ಗಳ ದಾಖಲೆಯನ್ನು ಪರಿಶೀಲಿಸಿದಾಗ, ಸಿಗುವ ಮೀನುಗಳ ಸಂಖ್ಯೆ ಏರುತ್ತ ಹೋಗಿ ಸರಾಸರಿ ತೂಕ ಇಳಿದದ್ದು ಕಂಡುಬಂದಿತು. ಎರಡನ್ನೂ 'ಮಹಶೀರ್' ಎಂದಷ್ಟೇ ಎಣಿಸಿದಲ್ಲಿ ಇದು ಯಶಸ್ಸಿನ ಅಂಕಿಅಂಶ. ಬೇರ್ಪಡಿಸಿ ನೋಡಿದಲ್ಲಿ, ಹೊರಗಿನಿಂದ ಬಂದ ಮೀನು ವೃದ್ಧಿಸಿ ನಾಡಿನ ಮೀನು ವಿರಳವಾದ ಕಥೆ.

ಆದ್ದರಿಂದ ಕಬಿನಿ, ಲಕ್ಷ್ಮಣತೀರ್ಥಗಳಲ್ಲಿ ಕಿತ್ತಳೆ ಬಾಲದ ಮೀನು ಬಲೆಗೆ ಬಿದ್ದಲ್ಲಿ, ಅದು ಜೀವಂತವಿರುವಾಗಲೇ ಪಾರ್ಶ್ವದಿಂದ ತೆಗೆದ ವರ್ಣಚಿತ್ರ, ಸ್ಥಳ ಮತ್ತು ದಿನಾಂಕ, ಆಲ್ಕೊಹಾಲಿನಲ್ಲಿ ಹಾಕಿಟ್ಟ ಈಜುರೆಕ್ಕೆಯ ಚಿಕ್ಕದೊಂದು ತುಣುಕು, ಇಷ್ಟನ್ನು ಉಳಿಸಿಕೊಂಡು ಮೀನನ್ನು ನೀರಿಗೆ ಬಿಡಬಹುದು. ಗುರುತಿಸಲು ಇಷ್ಟು ಸಾಕು, ಸೀಸೆಯ ಅಗತ್ಯವಿಲ್ಲ.