ಮನೆಯ ಬೆಕ್ಕಿಗೂ ಬೇಕು ಲಸಿಕೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ. ಈ ಸೀಮೆಯಲ್ಲಿ ರಾಗಿ, ಭತ್ತ ಬೆಳೆಯುತ್ತಾರೆ. ಮನೆಯಲ್ಲಿ ರಾಗಿ ಚೀಲ ಇದ್ದರೆ ಇಲಿ ಬರುತ್ತದೆ. ಇಲಿ ಹಿಡಿಯಲು ಬೆಕ್ಕು ಬೇಕು. ಮಕ್ಕಳಿಗಂತೂ ಬೆಕ್ಕಿನ ಮರಿ ಅಂದ್ರೆ ಪ್ರಾಣ.

ಅಕ್ಕ ತಂಗಿಯರೇ, ನೀವು ಮಗುವಿಗೆ ಲಸಿಕೆ ಹಾಕಿಸುತ್ತೀರಿ. ಹಸುವಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸುತ್ತೀರಿ. ಬೆಕ್ಕಿಗೆ? “ಅಯ್ಯೋ, ಬೆಕ್ಕಿಗೂ ಸೂಜಿ ಹಾಕಿಸ್ತಾರಾ?” ಎಂದು ನಗಬೇಡಿ.

ಬೆಕ್ಕಿಗೂ ಹುಚ್ಚು ರೋಗ

ಹುಚ್ಚುನಾಯಿ ರೋಗಕ್ಕೆ ರೇಬೀಸ್ ಎಂದು ಹೆಸರು. ಇದು ಬೆಕ್ಕಿಗೂ ಬರುತ್ತದೆ. ಬೆಕ್ಕು ರಾತ್ರಿ ಹೊಲ, ಬೇಲಿ ಸುತ್ತುತ್ತದೆ. ಕಾಕನಕೋಟೆ ಕಾಡಂಚಿನ ಊರುಗಳಲ್ಲಿ ನರಿ, ಮುಂಗುಸಿಯೂ ಓಡಾಡುತ್ತವೆ. ರೋಗ ಬಂದ ನಾಯಿಯೋ ನರಿಯೋ ಕಚ್ಚಿದರೆ ಬೆಕ್ಕಿಗೆ ರೋಗ ಅಂಟುತ್ತದೆ. ಆ ಬೆಕ್ಕು ಕಚ್ಚಿದರೆ, ಪರಚಿದರೆ ನಮಗೂ ಅಂಟಬಹುದು. ರೋಗ ಕಾಣಿಸಿಕೊಂಡ ಮೇಲೆ ಜೀವ ಉಳಿಸುವ ಮದ್ದು ಇಲ್ಲ. ಮುಂಚೆ ಹಾಕಿಸಿದ ಲಸಿಕೆಯೇ ಕಾಪಾಡುತ್ತದೆ.

ಯಾವಾಗ ಹಾಕಿಸಬೇಕು?

ಮರಿಗೆ 3 ತಿಂಗಳು ತುಂಬಿದಾಗ ಪಶು ಆಸ್ಪತ್ರೆಗೆ ಒಯ್ಯಿರಿ. ಮುಚ್ಚಳದ ಬುಟ್ಟಿಯಲ್ಲಿ ಒಯ್ದರೆ ಓಡಿಹೋಗುವುದಿಲ್ಲ. ರೇಬೀಸ್ ಲಸಿಕೆ ಹಾಕಿಸಿ. ಆಮೇಲೆ ಡಾಕ್ಟರು ಹೇಳಿದ ದಿನಕ್ಕೆ ಮತ್ತೆ ಹಾಕಿಸಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆಗ ಅನೇಕ ಪಶು ಆಸ್ಪತ್ರೆಗಳಲ್ಲಿ ಬಿಟ್ಟಿಯಾಗಿ ಹಾಕುತ್ತಾರೆ. ವಿಚಾರಿಸಿ.

ಮರಿಗಳಿಗೆ ಇನ್ನೊಂದು ಕೆಟ್ಟ ರೋಗ ಉಂಟು. ಜ್ವರ, ವಾಂತಿ, ಭೇದಿ ಆಗುತ್ತದೆ. ಮರಿ ಏನೂ ತಿನ್ನುವುದಿಲ್ಲ. ಕೆಲವೇ ದಿನದಲ್ಲಿ ಸಾಯಬಹುದು. ಜನ “ದೃಷ್ಟಿ ಆಯ್ತು” ಅಂತಾರೆ. ಅದು ದೃಷ್ಟಿ ಅಲ್ಲ, ಬೆಕ್ಕಿನಿಂದ ಬೆಕ್ಕಿಗೆ ಹರಡುವ ರೋಗ. ಮನುಷ್ಯರಿಗೆ ಬರುವುದಿಲ್ಲ. ಇದಕ್ಕೂ ಲಸಿಕೆ ಇದೆ. ಮರಿಗೆ 8 ವಾರ ಆದಾಗ ಶುರು ಮಾಡಬಹುದು. 3–4 ವಾರಕ್ಕೊಮ್ಮೆ ಮತ್ತೆ ಹಾಕಿಸಬೇಕು.

ಬೆಕ್ಕು ಕಚ್ಚಿದರೆ?

“ಬೆಕ್ಕು ತಾನೆ, ಬಿಡು” ಎನ್ನಬೇಡಿ. ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಬೇಡಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಬೆಕ್ಕಿಗೆ ಲಸಿಕೆ ಹಾಕಿಸಿದ್ದರೂ ಹೋಗಿ, ಡಾಕ್ಟರಿಗೆ ಅದನ್ನು ತಿಳಿಸಿ.

ಹಿಂದೆ ಹೊಟ್ಟೆಗೆ 14 ಸೂಜಿ ಹಾಕುತ್ತಿದ್ದರು. ಅದಕ್ಕೆ ಹೆದರಿ ಎಷ್ಟೋ ಜನ ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ಆ ಹಳೆಯ ಮದ್ದಿನ ತಯಾರಿಕೆ ನಮ್ಮ ದೇಶದಲ್ಲಿ 2004ರಲ್ಲೇ ನಿಂತಿತು. ಈಗ 4 ಅಥವಾ 5 ಸಲ, ತೋಳಿಗೆ ಹಾಕುತ್ತಾರೆ. ಒಂದನ್ನೂ ತಪ್ಪಿಸಬಾರದು.

ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿದ ತಾರೀಖು ಬರೆದು ಚೀಟಿ ಕೊಡುತ್ತಾರೆ. ಓದಿ ನೋಡಿ. ಮುಂದಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಈಗ ನಿಮಗೆ ಬರೆಯಲು ಬರುತ್ತದೆ. ಇನ್ನೊಬ್ಬರನ್ನು ಕೇಳಬೇಕಾಗಿಲ್ಲ.