ಹಳೆಯ ಗಣಕಯಂತ್ರಕ್ಕೆ ಹಗುರವಾದ ಹೊಸ ಉಡುಪು



ವೈದ್ಯರಾದ ನಾವು ಗಣಕಯಂತ್ರವನ್ನು ಕುರಿತು ಮಾತನಾಡಲು ನಿಂತುದಕ್ಕೆ ಕಾರಣವಿದೆ. ನಮ್ಮ ತಂದೆಯವರು ಇಲ್ಲಿಗೆ ಬಂದಾಗಲೆಲ್ಲ ತಮ್ಮ ಬಾಲ್ಯದ ನೆನಪುಗಳನ್ನು ಕನ್ನಡದಲ್ಲಿ ಬೆರಳಚ್ಚು ಮಾಡಿಟ್ಟ ಲ್ಯಾಪ್‌ಟಾಪೊಂದು ನಮ್ಮಲ್ಲಿದೆ. ಅವರು ಈಗಿಲ್ಲ. ಅದರಲ್ಲಿದ್ದ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಆ ಯಂತ್ರ ಅರ್ಹವಲ್ಲ. ಮಕ್ಕಳು "ಎಸೆದುಬಿಡಿ ಅಪ್ಪಾ" ಎಂದರು. ರೋಗಿಯ ನಡಿಗೆ ನಿಧಾನವಾಯಿತೆಂದು ಕೈಬಿಡುವುದು ನಮ್ಮ ವೃತ್ತಿಧರ್ಮವಲ್ಲ.

ಲಿನಕ್ಸ್‌ನಲ್ಲಿ ಒಳಗಿನ ತಿರುಳು ಬೇರೆ, ಪರದೆಯ ಮೇಲೆ ಕಾಣುವ ಕಿಟಕಿ, ಪಟ್ಟಿ, ಮೆನುಗಳ ಏರ್ಪಾಡು ಬೇರೆ. ಈ ಏರ್ಪಾಡಿಗೆ ಡೆಸ್ಕ್‌ಟಾಪ್ ಪರಿಸರವೆಂದು ಹೆಸರು. ತಿರುಳನ್ನು ಬದಲಿಸದೆ ಉಡುಪನ್ನು ಮಾತ್ರ ಬದಲಿಸಬಹುದು. 1996ರಲ್ಲಿ ಒಲಿವಿಯೆ ಫೂರ್ದಾನ್ ಆರಂಭಿಸಿದ ಎಕ್ಸ್‌ಎಫ್‌ಸಿಇ ಇಂತಹ ಹಗುರ ಉಡುಪು. ಕ್ಸುಬುಂಟು ಹಾಗೂ ಲಿನಕ್ಸ್ ಮಿಂಟ್‌ನ ಒಂದು ಆವೃತ್ತಿ ಇದರೊಡನೆಯೇ ಉಚಿತವಾಗಿ ದೊರೆಯುತ್ತವೆ.

ಚಿಕಿತ್ಸೆಗೆ ಮುನ್ನ ಪರೀಕ್ಷೆ ಅಗತ್ಯ. ಮೊದಲು ಕಡತಗಳೆಲ್ಲವನ್ನೂ ಬೇರೊಂದು ಡಿಸ್ಕ್‌ಗೆ ನಕಲು ಮಾಡಿರಿ. ಅನಂತರ ಯುಎಸ್‌ಬಿ ಕಡ್ಡಿಯಿಂದಲೇ ಲಿನಕ್ಸನ್ನು ನಡೆಸಿ, ವೈಫೈ, ಧ್ವನಿ, ಪ್ರಿಂಟರ್‌ಗಳನ್ನು ನೋಡಿರಿ. ಈ ಪರೀಕ್ಷೆಯಿಂದ ಯಂತ್ರದೊಳಗಿನ ಡಿಸ್ಕ್‌ ಬದಲಾಗುವುದಿಲ್ಲ.

ಈ ಹಂತದಲ್ಲೇ ನಮ್ಮ ಎದೆ ಝಲ್ಲೆಂದಿತು. ತಂದೆಯವರ ಬರಹವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು! ಬರಹವೇನೂ ಅಳಿದಿರಲಿಲ್ಲ, ಅದು ಯೂನಿಕೋಡ್‌ಗೆ ಹಿಂದಿನ ಫಾಂಟಿನ ಸಂಕೇತದಲ್ಲಿತ್ತು. ವಿಂಡೋಸ್‌ಗೆ ಮರಳಿ, ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಿ, ಪುಟಪುಟವನ್ನೂ ಓದಿ ನೋಡಿದ ಮೇಲಷ್ಟೇ ಹೊಸ ವ್ಯವಸ್ಥೆಯನ್ನು ಸ್ಥಾಪಿಸಿದೆವು.

ಬಳಿಕದ ಅಲಂಕಾರ ಸುಲಭ. ಪಟ್ಟಿಯನ್ನು ವಿಂಡೋಸ್‌ನಲ್ಲಿದ್ದಂತೆ ಕೆಳಕ್ಕೆ ತಂದೆವು, ಅಕ್ಷರಗಳನ್ನು ಹಿಗ್ಗಿಸಿದೆವು, ಯಂತ್ರದೊಡನೆ ತಾವೇ ಎದ್ದೇಳುವ ಅನಗತ್ಯ ತಂತ್ರಾಂಶಗಳನ್ನು ನಿಲ್ಲಿಸಿದೆವು, ಕಿಟಕಿಗಳ ನೆರಳು, ಪಾರದರ್ಶಕತೆಗಳನ್ನು ತೆಗೆದುಹಾಕಿದೆವು. ಐಬಸ್ ಮತ್ತು ಎಂ17ಎನ್ ಸೇರಿಸಿದೊಡನೆ ಶ್ರೀ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ದೊರೆಯಿತು.

ಒಂದು ಎಚ್ಚರಿಕೆ: ಉಡುಪು ಹಗುರವಾದರೂ ಬ್ರೌಸರ್ ಹಗುರವಾಗದು. ಮೂವತ್ತು ಪುಟಗಳನ್ನು ಒಮ್ಮೆಗೇ ತೆರೆದರೆ ಹಳೆಯ ಯಂತ್ರ ಮತ್ತೆ ಏದುಸಿರು ಬಿಡುತ್ತದೆ.

ನಿಮ್ಮ ಮನೆಯ ಹಳೆಯ ಯಂತ್ರವನ್ನು ಎಸೆಯುವ ಮುನ್ನ ಒಮ್ಮೆ ತೆರೆದು ನೋಡಿರಿ. ಅದರಲ್ಲಿ ಹಿರಿಯರ ಕನ್ನಡ ಉಳಿದಿದ್ದೀತು. ಈಗ ನಮ್ಮ ಮಗಳು ಅದೇ ಯಂತ್ರದಲ್ಲಿ ಅಜ್ಜನ ಬರಹವನ್ನು ತಡವರಿಸುತ್ತ ಓದುತ್ತಿದ್ದಾಳೆ.