ಗಾಲಿ ಹೋದಷ್ಟು ದೂರ

ಉಬ್ರಾಣಿಯಲ್ಲಿ ಬೆಳಕು ಮೇಲಿನಿಂದ ಇಳಿಯುತ್ತದೆ. ಅಡಿಕೆ ಮರಗಳ ತಲೆಗೆ ಬಿಸಿಲು ತಾಗಿದ ಮೇಲೂ ಸಾಲುಗಳ ನಡುವೆ ನಸುಗತ್ತಲು ಉಳಿದಿರುತ್ತದೆ. ಕೊಯ್ಲಿನ ದಿನಗಳಲ್ಲಿ ಸುಲಿದ ಅಡಿಕೆ ಹಂಡೆಯಲ್ಲಿ ಬೆಂದು ಕಣಕ್ಕೆ ಬಂದರೆ ನೆಲವೆಲ್ಲ ಕೆಂಪು, ಗಾಳಿಯೆಲ್ಲ ಚೊಗರಿನ ವಾಸನೆ. ನಮ್ಮ ದೊಡ್ಡವ್ವನ ಗಾಲಿಕುರ್ಚಿಯನ್ನು ಕಣದ ಅಂಚಿಗೆ ತಂದು ನಿಲ್ಲಿಸಿದರೆ ಸಾಕು, ಬಗ್ಗಿ ಒಂದು ಅಡಿಕೆ ಎತ್ತಿಕೊಂಡು, ಬೆರಳಲ್ಲಿ ತಿರುಗಿಸಿ, "ಇದಕ್ಕಿನ್ನೂ ಎರಡು ಬಿಸಿಲು ಬೇಕು" ಅನ್ನುತ್ತಾಳೆ. ಮೆಟ್ಟುಗತ್ತಿ ಹಿಡಿದು ರಾತ್ರಿಯಿಡೀ ಅಡಿಕೆ ಸುಲಿದವಳು. ಅವಳ ಮಾತನ್ನು ಕಣದಲ್ಲಿ ಯಾರೂ ತೆಗೆದುಹಾಕುವುದಿಲ್ಲ.

ಅವಳ ಕಣ್ಣು ಚುರುಕಾಗಿದೆ, ನೆನಪು ಇನ್ನೂ ಚುರುಕು. ನಿಂತದ್ದು ಕಾಲು ಮಾತ್ರ. ಆದರೆ ಕಾಲು ನಿಂತವರನ್ನು ಮನೆಯವರು "ಬರ್ತೀಯಾ?" ಎಂದು ಕೇಳುವುದನ್ನೂ ನಿಲ್ಲಿಸಿಬಿಡುತ್ತಾರೆ. ಜಾತ್ರೆಗೆ, ಗುಡಿಗೆ, ಕೆರೆಗೆ ಹೊರಟಾಗ ಒಬ್ಬರು ಹೊಸಿಲ ಒಳಗೇ ಉಳಿಯುತ್ತಾರೆ. ಅದು ಯಾರಿಗೂ ತಪ್ಪಾಗಿ ಕಾಣುವುದಿಲ್ಲ. ನಮ್ಮ ಸೀಮೆಯಲ್ಲಿ ಗಾಲಿಕುರ್ಚಿ ಎಲ್ಲೆಲ್ಲಿ ಹೋಗುತ್ತದೆ ಎಂದು ನೋಡುತ್ತ ಹೊರಟಿದ್ದು ಅದಕ್ಕೇ.

ಚನ್ನಗಿರಿಯ ಬೆಟ್ಟ, ಅದರ ಮೇಲಿನ ಕೋಟೆ, ರಂಗನಾಥಸ್ವಾಮಿ ಗುಡಿ: ಇವು ಕೆಳಗಿನಿಂದಲೇ ಕೈಮುಗಿಯುವಂಥವು. ಶ್ರವಣಬೆಳಗೊಳದಲ್ಲಾದರೆ ಡೋಲಿಯಲ್ಲಿ ಹೊತ್ತು ಏರಿಸುವವರಿದ್ದಾರೆ. ಇಲ್ಲಿ ಅದೂ ಇಲ್ಲ.

ಸೂಳೆಕೆರೆಯ ಕತೆಯೇ ಬೇರೆ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಒಂದು ಗಿಡ್ಡ ಏರಿ ಹಾಕಿ, ಹರಿದ್ರಾ ಹಳ್ಳವನ್ನು ತಡೆದು, ಆರು ಸಾವಿರ ಎಕರೆಗೂ ಮಿಕ್ಕ ನೀರನ್ನು ನಿಲ್ಲಿಸಿದ ಜಾಗ ಅದು. ಕಟ್ಟಿಸಿದವಳು ಶಾಂತವ್ವ ಎಂದು ಜನ ಹೇಳುತ್ತಾರೆ, ಶಾಂತಿಸಾಗರ ಎಂಬ ಹೆಸರೂ ಅದಕ್ಕಿದೆ. ಅಷ್ಟು ನೀರಿಗೆ ಇಷ್ಟೇ ಏರಿ ಸಾಕು ಎಂದು ಜಾಗ ಗುರುತಿಸಿದ ಆ ಕಣ್ಣಿಗೆ ನಾನು ತಲೆಬಾಗುತ್ತೇನೆ. ರಸ್ತೆ ಏರಿಯ ಮೇಲೆಯೇ ಹಾದುಹೋಗುವುದರಿಂದ ಗಾಡಿಯಿಂದ ಇಳಿದರೆ ಮುಂದೆಯೇ ನೀರು. ಮೆಟ್ಟಿಲಿಲ್ಲ, ಹತ್ತುವುದಿಲ್ಲ, ಇಳಿಯುವುದಿಲ್ಲ. ಕುರ್ಚಿಯಲ್ಲಿ ಕೂತವರಿಗೂ ಪಕ್ಕದಲ್ಲಿ ನಿಂತವರಿಗೂ ಕಾಣುವುದು ಅದೇ ಕೆರೆ.

"ಇಲ್ಲೇ ನಿಲ್ಸಪ್ಪ" ಅಂದಳು ದೊಡ್ಡವ್ವ. ಗಾಳಿ ನೀರನ್ನು ಸಣ್ಣಗೆ ನೆರಿಗೆ ಹಿಡಿಯುತ್ತಿತ್ತು. ದೂರದ ಗುಡ್ಡಗಳು ಮೊದಲು ನೀಲಿ, ಮೋಡ ಸರಿದಂತೆ ಹಸಿರು, ಮತ್ತೆ ನೀಲಿ. ನೀರುಕಾಗೆ ಮುಳುಗಿದ ಕಡೆ ಬಿಟ್ಟು ಇನ್ನೆಲ್ಲೋ ಏಳುತ್ತಿತ್ತು. ಅದು ಎಲ್ಲಿ ಏಳುತ್ತದೆಂದು ಅವಳು ಮೊದಲೇ ಬೆರಳು ತೋರಿಸುವಳು, ಹಲವು ಸಲ ಸರಿಯಾಗಿಯೇ. ಸಿದ್ಧನ ತೂಬು, ಬಸವನ ತೂಬು ಎಂಬ ಎರಡು ತೂಬುಗಳ ಮಾತು ಬಂತು. ತನ್ನ ತವರಿನ ಗದ್ದೆಗೆ ನೀರು ಬರುತ್ತಿದ್ದ ಕಾಲದ ಮಾತು ಬಂತು. ಲಾರಿಗಳು ಬೆನ್ನ ಹಿಂದೆ ಭರ್ರೆಂದು ಹೋಗುತ್ತಿದ್ದವು. ಇಲ್ಲಿ ಬೇಕಾದದ್ದು ಅದೊಂದೇ: ರಸ್ತೆಯಿಂದ ಬೇರೆಯಾಗಿ, ಅಂಚಿಗೆ ಕಂಬಿ ಇರುವ, ಕುರ್ಚಿ ತಿರುಗುವಷ್ಟು ಅಗಲದ ಒಂದು ಕಟ್ಟೆ. ಜೊತೆಗೆ ಬಾಗಿಲು ಅಗಲವಿರುವ ಒಂದು ಶೌಚಾಲಯ. ಹೆಣ್ಣುಮಕ್ಕಳು, ಅದರಲ್ಲೂ ವಯಸ್ಸಾದವರು, ಹೊರಡುವ ದಿನ ನೀರನ್ನೇ ಕುಡಿಯದೆ ಹೊರಡುತ್ತಾರೆ. ಪ್ರವಾಸಿ ತಾಣವನ್ನು ಯೋಜಿಸುವವರು ಮೊದಲು ತಿಳಿಯಬೇಕಾದ ಸಂಗತಿ ಇದು.

ಸಂತೇಬೆನ್ನೂರಿನ ಪುಷ್ಕರಣಿಯ ಚೆಲುವೆಲ್ಲ ಕೆಳಗಿದೆ. 16ನೇ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಹೊಂಡ. ನಾಲ್ಕೂ ಕಡೆಯಿಂದ ಕಲ್ಲಿನ ಮೆಟ್ಟಿಲುಗಳು ನೀರಿಗೆ ಇಳಿಯುತ್ತವೆ, ನಡುನೀರಿನಲ್ಲಿ ವಸಂತ ಮಂಟಪ ಅಂತಸ್ತು ಅಂತಸ್ತಾಗಿ ಎದ್ದು ನಿಂತಿದೆ. ಪಕ್ಕದಲ್ಲೇ ಬಿಜಾಪುರದ ರಣದುಲ್ಲಾ ಖಾನನ ಕಾಲದ ಮುಸಾಫಿರ್‌ಖಾನೆ, ದಾರಿಹೋಕರು ತಂಗುತ್ತಿದ್ದ ಎತ್ತರದ ಕಟ್ಟಡ. ದಣಿದು ಬಂದವರಿಗಾಗಿ ಕಟ್ಟಿದ ಜಾಗ! ಅಂಥಲ್ಲಿ ದೊಡ್ಡವ್ವ ಮೇಲಿನ ಅಂಚಿನಲ್ಲೇ ಉಳಿದಳು. ಮಕ್ಕಳು ಮೆಟ್ಟಿಲಿಳಿದು ಹೋದರು, ಅವರ ಕೂಗು ಕಲ್ಲಿಗೆ ಬಡಿದು ಮೇಲೆ ಬಂತು. ಹಳೆಯ ಮೆಟ್ಟಿಲು ಒಡೆದು ಇಳಿಜಾರು ಮಾಡಿ ಎಂದು ನಾನು ಕೇಳಲಾರೆ. ಕೇಳಲೂಬಾರದು. ಆದರೆ ಮೇಲಿನಿಂದ ಇಡೀ ಹೊಂಡ ಕಾಣುವ ಒಂದು ನೆರಳಿನ ಜಾಗ, ಅಲ್ಲಿಗೆ ಗೇಟಿನಿಂದ ಗಟ್ಟಿ ದಾರಿ, ಕಣ್ಣು ಕಾಣದವರು ಕೈಯಾಡಿಸಿ ತಿಳಿಯುವಂತೆ ಕಲ್ಲಿನಲ್ಲೋ ಕಂಚಿನಲ್ಲೋ ಮಾಡಿದ ಮಂಟಪದ ಪುಟ್ಟ ಮಾದರಿ, ಇವು ಯಾವ ಸ್ಮಾರಕಕ್ಕೂ ನೋವು ಮಾಡುವುದಿಲ್ಲ. ಹಂಪಿಯ ವಿಠ್ಠಲ ದೇವಸ್ಥಾನದ ದಾರಿಗೆ ಬ್ಯಾಟರಿ ಗಾಡಿ ಬಂದದ್ದರಿಂದ ಎಷ್ಟು ಮುದುಕ ಮುದುಕಿಯರು ಕಲ್ಲಿನ ರಥ ಕಂಡರು! 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನೆಲ್ಲ ಹಕ್ಕೆಂದೇ ಹೇಳುತ್ತದೆ. ಇಳಿಜಾರಿನ ಲೆಕ್ಕವೂ ಸುಲಭ: ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಅರ್ಧ ಅಡಿಯ ಒಂದು ಮೆಟ್ಟಿಲಿಗೆ ಆರಡಿ ಹಲಗೆ ಸಾಕು, ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯಬಹುದು.

ಭದ್ರೆಯ ನೀರನ್ನೆತ್ತಿ ಕೆರೆ ತುಂಬಿಸುವ ಏತ ನೀರಾವರಿ ಯೋಜನೆ ಉಬ್ರಾಣಿ, ಅಮೃತಾಪುರ ಎರಡೂ ಹೆಸರನ್ನು ಜೋಡಿಸಿಕೊಂಡಿದೆ. ಆ ಅಮೃತಾಪುರ ತರೀಕೆರೆ ತಾಲ್ಲೂಕಿನದು. ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ, ಕವಿ ಜನ್ನ ರಚಿಸಿದ ಶಾಸನ, ಮಿಂಚುವ ಕಡೆದ ಕಂಬಗಳ ತೆರೆದ ಮಂಟಪ. ಮಂಟಪದ ಹೊರಗೋಡೆಯ ಮೇಲೆ ಸುತ್ತಲೂ ಕತೆಯ ಫಲಕಗಳಿವೆ. ತೆಂಕಣ ಕಡೆ ರಾಮಾಯಣದ 70 ಫಲಕ, ಬಡಗಣ ಕಡೆ ಕೃಷ್ಣನ ಕತೆಗೆ 25, ಭಾರತಕ್ಕೆ 45. ಒಳಗೆ ಹೋಗದೆಯೂ, ಗೋಡೆಗುಂಟ ಕುರ್ಚಿ ತಳ್ಳುತ್ತ, ತುಸು ತಲೆಯೆತ್ತಿ ಓದಬಹುದಾದ ಪುಸ್ತಕ.

ಪ್ರದಕ್ಷಿಣೆ ಹಾಕುವಂತೆ ತಳ್ಳುತ್ತ ಹೊರಟೆ. ನಾಲ್ಕೈದು ಫಲಕ ದಾಟುವಷ್ಟರಲ್ಲಿ ದೊಡ್ಡವ್ವ ಗಾಲಿಗೆ ಕೈಯೊಡ್ಡಿ ತಡೆದಳು. "ತಿರುಗಿಸಪ್ಪ, ಕತೆ ಆ ಕಡೆಯಿಂದ ಬರ್ತೈತೆ." ಹೌದು, ತೆಂಕಣ ಗೋಡೆಯ ರಾಮಾಯಣ ಸಾಗುವುದು ಅಪ್ರದಕ್ಷಿಣವಾಗಿ. ಹಿಂದಿನ ಕೊನೆಗೆ ಹೋಗಿ ಮತ್ತೆ ಶುರು ಮಾಡಿದೆವು. ಒಂದೊಂದು ಫಲಕದೆದುರೂ ಅವಳು ನಿಲ್ಲಿಸಿದಳು, ಬೆರಳೆತ್ತಿ ಪಾತ್ರಗಳನ್ನು ಹೆಸರಿಟ್ಟು ಕರೆದಳು, ಕಪಿಗಳ ಗುಂಪು ಬಂದಾಗ ಜೋರಾಗಿ ನಕ್ಕಳು. ಶಾಲೆಯಿಂದ ಬಂದಿದ್ದ ಮಕ್ಕಳು ಮೇಷ್ಟ್ರನ್ನು ಬಿಟ್ಟು ಅವಳ ಕುರ್ಚಿಯ ಸುತ್ತ ಸೇರಿಕೊಂಡರು. ಬಡಗಣ ಗೋಡೆಗೆ ಹೊರಳುವಾಗ ಕುರ್ಚಿ ತಳ್ಳಲು ಅವರಲ್ಲೇ ಪೈಪೋಟಿ ನಡೆದಿತ್ತು.